ಮಾವನ ಬಾಯಲ್ಲಿ ಉಳಿದ ಪದ

ನಮ್ಮ ಮಾವ ಇಂಗ್ಲಿಷ್ ಕಲಿತವರಲ್ಲ. ಹೈಸ್ಕೂಲಿಗೆ ಸೇರಿ, ಅದು ಮುಗಿಯುವ ಮೊದಲೇ ತಂದೆ ತೀರಿಕೊಂಡಿದ್ದರಿಂದ ತೆಂಗಿನ ತೋಟಕ್ಕೆ ಇಳಿದವರು. ಆದರೆ ಒಂದೇ ಒಂದು ಇಂಗ್ಲಿಷ್ ಪದವನ್ನು ಅವರು ಜೀವಮಾನವಿಡೀ ಬಳಸಿದರು. ನಾನು ಮದುವೆಯಾಗಿ ಶೆಟ್ಟಿಕೆರೆ ಪಕ್ಕದ ಆ ಹಳ್ಳಿಗೆ ಬಂದ ಹೊಸದರಲ್ಲಿ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಯಾರ ಮನೆಯ ಸೊಸೆಯೆಂದು ವಿಚಾರಿಸಿದಳು. ಹೇಳಿದೆ. “ಓ, ಸಪೋಸಣ್ಣನ ಮನೆಯೋರಾ!” ಎಂದು ನಕ್ಕಳು.

ಆ ಪದ ‘ಸಪೋಸ್’.

“ಸಪೋಸ್ ಈ ಸಲ ಮುಂಗಾರು ಕೈ ಕೊಡ್ತು ಅನ್ಕೊ.” “ಸಪೋಸ್ ಬಸ್ಸು ತಪ್ಪೋಯ್ತು ಅನ್ಕೊ, ಏನ್ ಮಾಡ್ತೀಯ?” “ಸಪೋಸ್ ನನ್ ಜಾಗದಲ್ಲಿ ನೀನಿದ್ದೆ ಅನ್ಕೊ.” ಅವರ ಮಾತಿನ ಮುಂಬಾಗಿಲಲ್ಲಿ ಇಂಗ್ಲಿಷಿನ ಸಪೋಸ್ ನಿಂತಿರುತ್ತಿತ್ತು, ಹಿತ್ತಲ ಬಾಗಿಲಲ್ಲಿ ಕನ್ನಡದ ಅನ್ಕೊ. ಎರಡೂ ಮಾಡುವ ಕೆಲಸ ಒಂದೇ. ನಾನು ಚಿಕ್ಕನಾಯಕನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಇಂಥ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ. ಒಂದು ದಿನ ಅವರಿಗೆ, “ಮಾವ, ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಒಂದಿದೆ. ಬಂದಾನು, ಹೋದಾಳು, ಬಿದ್ದೀತು. ಕ್ರಿಯಾಪದದೊಳಗೇ ಸಪೋಸ್ ಇದೆ. ಇಂಗ್ಲಿಷ್ ಯಾಕೆ ಬೇಕು?” ಎಂದೆ.

“ಅದು ಹಂಗಲ್ಲ ಕಣಮ್ಮ. ‘ಬಿದ್ದೀಯ ಜೋಕೆ’ ಅಂದ್ರೆ ಹೆದರ್ಸ್ದಂಗೆ. ‘ಸಪೋಸ್ ಬಿದ್ದೆ ಅನ್ಕೊ’ ಅಂದ್ರೆ ಯೋಚ್ನೆ ಮಾಡು ಅಂದಂಗೆ” ಎಂದರು ಮಾವ.

ಆ ಪದ ಅವರಿಗೆ ಸಿಕ್ಕಿದ್ದು ತಿಪಟೂರಿನ ಕೋರ್ಟಿನಲ್ಲಿ. ವಯಸ್ಸಿನಲ್ಲಿದ್ದಾಗ ಯಾರದೋ ತೋಟದ ದಾರಿಯ ಕೇಸಿಗೆ ಸಾಕ್ಷಿ ಹೇಳಲು ಹೋಗಿದ್ದರಂತೆ. ಎದುರು ಪಕ್ಷದ ಲಾಯರು ಬಂದು, “ಸಪೋಸ್ ನೀವು ಆವತ್ತು ಊರಲ್ಲೇ ಇರಲಿಲ್ಲ ಅನ್ಕೊಳ್ಳಿ” ಎಂದರಂತೆ. ಇವರು ವಿಧೇಯವಾಗಿ, “ಅನ್ಕೊಂಡೆ ಸ್ವಾಮಿ” ಎಂದರಂತೆ. “ಹಾಗಾದರೆ ದಾರಿಗೆ ಬೇಲಿ ಹಾಕಿದ್ದು ಯಾರು ಅಂತ ನಿಮಗೆ ಹೇಗೆ ಗೊತ್ತು?” ಕೋರ್ಟಿನಲ್ಲಿ ಎಲ್ಲರೂ ಗೊಳ್ಳೆಂದರಂತೆ. ಈ ಕಥೆಯನ್ನು ಮಾವ ತಾವೇ ನಗುತ್ತಾ ಹೇಳುತ್ತಿದ್ದರು. “ಒಂದೇ ಮಾತಲ್ಲಿ ನನ್ನ ಊರಿಂದಾಚೆ ಹಾಕ್ಬುಟ್ಟ ಕಣಮ್ಮ! ಎಂಥಾ ಮಾತು ಅದು, ಅಂತ ಅವತ್ತೇ ಮನೆಗ್ ತಗಂಡ್ ಬಂದೆ.”

ಲಾಯರು ಜನರನ್ನು ಸಿಕ್ಕಿಸಲು ಬಳಸಿದ ಪದವನ್ನು ಮಾವ ಬಿಡಿಸಲು ಬಳಸಿದರು. ಊರಿನ ಸಣ್ಣಪುಟ್ಟ ಜಗಳಗಳು ನಮ್ಮ ಜಗಲಿಗೆ ಬರುತ್ತಿದ್ದವು. ಒಮ್ಮೆ ಅಣ್ಣತಮ್ಮಂದಿರಿಬ್ಬರು ಬದುವಿನ ಮೇಲಿನ ತೆಂಗಿನ ಮರಕ್ಕಾಗಿ ಬಂದರು. ಬುಡ ಅಣ್ಣನ ಕಡೆ, ಬಾಗಿದ ತಲೆ ತಮ್ಮನ ಕಡೆ. ಉದುರುವ ಕಾಯಿ ಯಾರದ್ದೆಂದು ಕೈ ಕೈ ಮಿಲಾಯಿಸುವವರೆಗೆ ಹೋಗಿತ್ತು. ಮಾವ ಇಬ್ಬರಿಗೂ ಕಾಫಿ ಕೊಡಿಸಿ, “ಸಪೋಸ್ ನಿಮ್ಮಪ್ಪ ಇದ್ದಾಗ್ಲೇ ಆ ಮರಕ್ಕೆ ಸಿಡ್ಲು ಹೊಡ್ದಿತ್ತು ಅನ್ಕೊಳಿ. ಈ ಹೊತ್ನಲ್ಲಿ ನೀವಿಬ್ರೂ ಎಲ್ಲಿರ್ತಿದ್ರಿ?” ಎಂದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಣ್ಣ ಮೆಲ್ಲಗೆ, “ಮನೇಲಿರ್ತಿದ್ವಿ” ಎಂದ.

“ಹಂಗಾದ್ರೆ ಎದ್ದು ಮನೆಗ್ ಹೋಗಿ, ನಡೀರಿ.”

ಜಗಳವೇನೂ ಅವತ್ತೇ ಮುಗಿಯಲಿಲ್ಲ. ಆದರೆ ಇಬ್ಬರೂ ನಗು ತಡೆಯಲಾರದೆ ಒಟ್ಟಿಗೇ ಮೆಟ್ಟಿಲಿಳಿದು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ನನ್ನನ್ನು ನೋಡಲು ತುರುವೇಕೆರೆ ಕಡೆಯ ನಮ್ಮ ತವರಿಗೆ ಬಂದಾಗಲೂ ಅವರು ಕೇಳಿದ್ದು ಹಾಗೆಯೇ. ಹುಡುಗನ ಕಡೆಯವರು ಜಾತಕ, ಅಡುಗೆ ಎಂದೆಲ್ಲ ಮಾತಾಡುತ್ತಿದ್ದಾಗ ಮಾವ ನೇರ ನನ್ನ ಕಡೆ ತಿರುಗಿ, “ಸಪೋಸ್ ನೀನು ನಮ್ಮನೆಗೆ ಬಂದೆ ಅನ್ಕೊಳಮ್ಮ, ಮೇಷ್ಟ್ರು ಕೆಲ್ಸ ಬುಡ್ತೀಯಾ?” ಎಂದರು. ನಾನು ತಲೆ ತಗ್ಗಿಸಿಕೊಂಡೇ “ಬಿಡಲ್ಲ” ಎಂದೆ. “ಸರಿ ಬುಡು, ಬಸ್ ಟೈಮು ನಾನ್ ವಿಚಾರಿಸ್ತೀನಿ” ಎಂದರು. ನಮ್ಮ ಮದುವೆ ಮಾತುಕತೆಯಲ್ಲಿ ನನಗೆ ನೆನಪಿರುವುದು ಅದೊಂದೇ.

ಅತ್ತೆಗೆ ಮಾತ್ರ ಆ ಪದ ಕಂಡರಾಗುತ್ತಿರಲಿಲ್ಲ. ಮಾವ ಏನಾದರೂ ಕೆಟ್ಟದ್ದಕ್ಕೆ ಸಪೋಸ್ ಸೇರಿಸಿದರೆ ಒಳಗಿನಿಂದಲೇ ಕೂಗುತ್ತಿದ್ದರು: “ಅಸ್ತು ಅಂತಾರೆ ಕಣ್ರೀ! ಮನೇಲಿ ಓಡಾಡೋ ದೇವತೆಗಳಿಗೆ ಸಪೋಸು ಗಿಪೋಸು ಗೊತ್ತಾಗಲ್ಲ. ಬಾಯಲ್ಲಿ ಬಂದಿದ್ದೇ ನಿಜ ಮಾಡ್ತಾರೆ.” ಮಾವ, “ಒಳ್ಳೇದಕ್ಕೂ ಅಂತೀನಲ್ಲೇ, ಅದಕ್ಯಾಕೆ ಅಸ್ತು ಅನ್ನಲ್ಲ ಅವ್ರು?” ಎಂದು ರೇಗಿಸುತ್ತಿದ್ದರು. ಅತ್ತೆ ಅದಕ್ಕೆ ನಗುತ್ತಿರಲಿಲ್ಲ. ಅದು ಅವರಿಗೆ ತಮಾಷೆಯ ವಿಷಯವಾಗಿರಲಿಲ್ಲ.

ಅದು ಆದದ್ದು ಒಂದು ಭಾನುವಾರದ ಬೆಳಗ್ಗೆ. ನನ್ನ ಗಂಡ ಕಿಬ್ಬನಹಳ್ಳಿಯ ತಮ್ಮ ಪೈಪಿನ ಅಂಗಡಿಗೆ ಹೋಗಿದ್ದರು. ತಿಪಟೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವ ನಾದಿನಿಗೆ ಅವತ್ತೂ ಡ್ಯೂಟಿ. ಅತ್ತೆ ನೆಂಟರ ಮನೆಗೆ ಹೋಗಿದ್ದರು. ಮಾವ ಹಜಾರದಲ್ಲಿ ಚೀಲ ಹಾಸಿಕೊಂಡು, ಅಟ್ಟದಿಂದ ಇಳಿಸಿದ ಒಣಗಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಅಂಥದ್ದು ಒಂದು ಕಡೆಗೆ, ಇನ್ನೂ ಕಾಯಬೇಕಾದದ್ದು ಇನ್ನೊಂದು ಕಡೆಗೆ. ನಾನು ಅಲ್ಲೇ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಗಡಗಡ ಸದ್ದು ನಿಂತಿತು. ಕಾಯಿಯೊಂದು ಉರುಳಿ ನನ್ನ ಕಾಲಿನ ಹತ್ತಿರ ಬಂತು.

“ಸಪೋಸ್” ಎಂದರು ಮಾವ.

ಅವರು ಆ ಪದ ಹೇಳಿ ಒಂದು ಗಳಿಗೆ ನಿಲ್ಲಿಸುವುದು ವಾಡಿಕೆ, ಕೇಳುವವರು ತಲೆಯೆತ್ತಲಿ ಎಂದು. ನಾನು ತಲೆಯೆತ್ತಿ ಮುಂದಿನ ಮಾತಿಗೆ ಕಾದೆ.

“ಸಪೋಸ್” ಎಂದರು ಮತ್ತೆ. ಅವರ ಮುಖ ಒಂದು ಪಕ್ಕಕ್ಕೆ ಜಾರುತ್ತಿತ್ತು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಎಡಗೈಯಿಂದ ಆ ಬಲಗೈಯನ್ನು ಮುಟ್ಟಿ, ಯಾರದೋ ಕೈಯನ್ನು ನೋಡುವಂತೆ ನೋಡಿ, “ಸಪೋಸ್, ಸಪೋಸ್” ಎಂದರು. ನಾನು ಎದ್ದು ಪಕ್ಕದ ಮನೆಗೆ ಓಡಿದೆ. ಅವರ ವ್ಯಾನಿನಲ್ಲಿ ಮಾವನನ್ನು ಮಲಗಿಸಿಕೊಂಡು ತಿಪಟೂರಿಗೆ ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅದುವರೆಗೆ ನಾನು ಮಾವನ ಎದುರು ಕುರ್ಚಿಯ ಮೇಲೆ ಕೂತವಳೂ ಅಲ್ಲ.

ತಿಪಟೂರಿನಿಂದ ತುಮಕೂರಿಗೆ ಕಳಿಸಿದರು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಸ್ವಲ್ಪ ದಿನದ ಮೇಲೆ ಕಾಲು ಎಳೆದುಕೊಂಡು ನಡೆಯುವಷ್ಟಾದರು. ಆದರೆ ಮಾತು ಬರಲಿಲ್ಲ. ನೀರು ಬೇಕಾದರೂ ಸಪೋಸ್, ನನ್ನ ಗಂಡನನ್ನು ಕರೆಯಬೇಕಾದರೂ ಸಪೋಸ್. ತಾವು ಹೇಳಬೇಕೆಂದದ್ದು ಬೇರೆ, ಬಾಯಿಂದ ಬಂದದ್ದು ಬೇರೆ ಎನ್ನುವುದು ಅವರಿಗೇ ತಿಳಿಯುತ್ತಿತ್ತು. ಆ ಪದ ಬಾಯಿಂದ ಬಿದ್ದ ಕೂಡಲೇ ಅವರ ಹಣೆ ಗಂಟಿಕ್ಕುತ್ತಿತ್ತು.

ಡಾಕ್ಟರು ನಮ್ಮನ್ನು ಕರೆದು ಹೇಳಿದರು: “ಮಿದುಳಿನಲ್ಲಿ ಮಾತಿನ ಭಾಗಕ್ಕೆ ಪೆಟ್ಟು ಬಿದ್ದಿದೆ. ನೀವು ಹೇಳೋದು ಅವರಿಗೆ ಅರ್ಥ ಆಗುತ್ತೆ. ಅವರು ಹೇಳಬೇಕಾದ್ದೂ ತಲೆಯಲ್ಲಿ ಇರುತ್ತೆ. ಪದ ಸಿಗಲ್ಲ ಅಷ್ಟೇ. ಕೆಲವರಿಗೆ ಹೀಗೆ ಒಂದೇ ಪದ ಉಳಿದುಬಿಡುತ್ತೆ.”

“ಯಾಕೆ ಸಾರ್ ಅದೇ ಉಳೀತು?” ಎಂದು ಕೇಳಿದರು ನನ್ನ ಗಂಡ.

“ಅದನ್ನ ಹೇಳೋಕಾಗಲ್ಲ. ಅಭ್ಯಾಸ ಮಾಡಿಸಿ, ಬೇರೆ ಪದಗಳೂ ಬರಬಹುದು. ಒಂದು ನೆನಪಿಟ್ಕೊಳ್ಳಿ, ಅವರ ಬದಲು ನೀವೇ ಎಲ್ಲಾ ಅಂದ್ಕೊಂಡು ಬಿಡಬೇಡಿ. ಕೇಳಿ, ಕಾಯಿರಿ.”

ಹೊರಗೆ ಬೆಂಚಿನ ಮೇಲೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಪಕ್ಕ ಕೂತೆ. “ಬೆಳಗಾಗೆದ್ದು ಲಿಂಗಪೂಜೆ ಮಾಡ್ತಿದ್ದ ಬಾಯಿ ಕಣೇ ಅದು” ಎಂದರು. “ಶಿವಾ ಅನ್ನೋ ಒಂದ್ ಮಾತು ಉಳೀಬಾರ್ದಿತ್ತಾ? ಕೋರ್ಟಿನ ಮಾತೇ ಉಳೀಬೇಕಾ?”

ಮನೆಗೆ ಬಂದ ಮೇಲೆ ನಾವೆಲ್ಲ ಆ ಒಂದು ಪದವನ್ನು ಹೊಸದಾಗಿ ಕಲಿಯಬೇಕಾಯಿತು. ನಾನು ಶಾಲೆಯ ನಿಘಂಟಿನಲ್ಲಿ ತೆಗೆದು ನೋಡಿದ್ದೆ: ಊಹಿಸು, ಭಾವಿಸು, ಅಂದುಕೊ, ಒಂದು ವೇಳೆ. ನಮ್ಮ ಮನೆಯ ಅರ್ಥಗಳು ಅದರಲ್ಲಿರಲಿಲ್ಲ. ‘ಪೋ’ ಎನ್ನುವುದನ್ನು ಎಳೆದರೆ ಬಾಯಾರಿದೆ ಎಂದರ್ಥ. ಕೊನೆಯ ‘ಸ್’ ಹಲ್ಲಿನ ಸಂದಿಯಲ್ಲಿ ಸೀಟಿಯಂತೆ ಬಂದರೆ ಬೇಡ, ಸಾಕು. ಒಂದರ ಮೇಲೊಂದು ಗಡಿಬಿಡಿಯಿಂದ ಬಂದರೆ ಹಸು ಹಗ್ಗ ಬಿಚ್ಚಿಕೊಂಡಿದೆ, ಇಲ್ಲವೆ ಅಂಗಳದಲ್ಲಿ ಒಣಹಾಕಿದ್ದರ ಮೇಲೆ ಮಳೆ ಹನಿಯುತ್ತಿದೆ. ಸಂಜೆ ನಾದಿನಿ ಬಸ್ಸಿಳಿದು ಬಂದಾಗ ಅವರು ಅನ್ನುತ್ತಿದ್ದ ಸಪೋಸೇ ಬೇರೆ. ಅದರಲ್ಲಿ ಮಗಳ ಹೆಸರಿನ ರಾಗವಿತ್ತು.

ಎಷ್ಟೋ ಸಲ ತಪ್ಪು ತಿಳಿಯುತ್ತಿದ್ದೆವು. ಒಂದು ಮಧ್ಯಾಹ್ನ ಅವರು ಬಿಡದೆ ಸಪೋಸ್ ಸಪೋಸ್ ಎನ್ನತೊಡಗಿದರು. ಅತ್ತೆ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ರಗ್ಗು ಹೊದಿಸಿದರು. ನನ್ನ ಗಂಡ ಟೀವಿ ಹಾಕಿದರು, ಆರಿಸಿದರು, ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದರು. ಕೊನೆಗೆ ಮಾವನ ಕಣ್ಣಲ್ಲಿ ನೀರು ಬಂತು. ನನಗೆ ಡಾಕ್ಟರ ಮಾತು ನೆನಪಾಯಿತು. ಎಲ್ಲರನ್ನೂ ಸುಮ್ಮನಿರಲು ಹೇಳಿ ಎದುರಿಗೆ ನೆಲದ ಮೇಲೆ ಕೂತೆ. “ಮಾವ, ನಿಧಾನಕ್ಕೆ ಹೇಳಿ. ನನಗೇನೂ ಅರ್ಜೆಂಟಿಲ್ಲ.” ಅವರು ಎಡಗೈ ಎತ್ತಿ, ಮುಷ್ಟಿ ಮಾಡಿ, ಕಿವಿಯ ಹತ್ತಿರ ಅಲ್ಲಾಡಿಸಿದರು.

ಒಣಗಾಯಿಯ ಚೀಲ ಅವತ್ತು ಬಿಟ್ಟಲ್ಲೇ ಮೂಲೆಯಲ್ಲಿತ್ತು. ಎಳೆದು ತಂದು ಮುಂದಿಟ್ಟೆ. ಮಾವ ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಆಡಿಸಿ ಪಕ್ಕಕ್ಕಿಟ್ಟರು, ಇನ್ನೊಂದು ತೆಗೆದುಕೊಂಡರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಅಂದಿನಿಂದ ಕಾಯಿ ಆರಿಸುವ ಕೆಲಸ ಮತ್ತೆ ಮಾವನದೇ ಆಯಿತು.

ಊರಿನವರು ಮಾತ್ರ ಅವರ ಬುದ್ಧಿಯೇ ಹೋಗಿದೆಯೆಂದು ತಿಳಿದರು. ನೋಡಲು ಬಂದವರು ಅವರ ಎದುರಿಗೇ, “ಎಂಥಾ ಮನುಷ್ಯ, ಪಾಪ, ಈಗ ಏನೂ ತಿಳಿಯಲ್ಲ ಅಲ್ವಾ?” ಎಂದು ನಮ್ಮನ್ನು ಕೇಳುತ್ತಿದ್ದರು. ಎಲ್ಲ ತಿಳಿಯುತ್ತದೆ ಎಂದು ನಾವು ಹೇಳಿದರೂ, ಕಿವುಡರೊಡನೆ ಮಾತಾಡುವಂತೆ ಕಿರುಚಿ ಹೋಗುತ್ತಿದ್ದರು. ಜಗಲಿಗೆ ಪಂಚಾಯ್ತಿಗಳು ಬರುವುದು ನಿಂತುಹೋಯಿತು.

ಮಾವನ ಲಿಂಗಪೂಜೆ ಮಾತ್ರ ನಿಲ್ಲಲಿಲ್ಲ. ಬೆಳಗ್ಗೆ ಸ್ನಾನ ಮಾಡಿಸಿ ದೇವರ ಕೋಣೆಯಲ್ಲಿ ಕೂರಿಸಿದರೆ ಎಡಗೈಯಲ್ಲೇ ವಿಭೂತಿ ಹಚ್ಚಿಕೊಂಡು, ನನ್ನ ಗಂಡ ಬಲ ಅಂಗೈಯಲ್ಲಿ ಇಟ್ಟ ಲಿಂಗಕ್ಕೆ ನೀರೆರೆಯುತ್ತಿದ್ದರು. ಆಮೇಲೆ ತುಟಿ ಅಲ್ಲಾಡುತ್ತಿತ್ತು. ಮಂತ್ರದ ಜಾಗದಲ್ಲಿ ಬರುತ್ತಿದ್ದುದು ಅದೇ ಪದ, ಸಣ್ಣ ದನಿಯಲ್ಲಿ, ಮತ್ತೆ ಮತ್ತೆ. ಅತ್ತೆ ಹೋಗಿ ಬಾಗಿಲು ಮುಂದಕ್ಕೆಳೆದು ಬರುತ್ತಿದ್ದರು. ಯಾರಾದರೂ ಕೇಳಿಸಿಕೊಂಡಾರು ಎಂದೋ, ತಮಗೇ ಕೇಳಲಾಗುತ್ತಿರಲಿಲ್ಲವೋ.

ಹೀಗಿರುವಾಗ ನಾದಿನಿಗೆ ಒಂದು ಸಂಬಂಧ ಬಂತು. ಹುಡುಗ ತುರುವೇಕೆರೆ ಕಡೆಯವನು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ತಂದೆ ಇಲ್ಲ. ತಾಯಿ ಮತ್ತು ದೊಡ್ಡಪ್ಪನ ಜೊತೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ಹಿಂದಿನ ದಿನ ಊಟ ಮಾಡುತ್ತಾ ನನ್ನ ಗಂಡ, “ಅಪ್ಪನ್ನ ಹಿಂದಿನ ರೂಮಲ್ಲೇ ಕೂರ್ಸಣ. ಅವ್ರ ಎದ್ರಿಗೆ ಅದನ್ನೇ ಅಂತಿದ್ರೆ ಏನ್ ತಿಳ್ಕಂತಾರೋ” ಎಂದರು. ಅತ್ತೆಯೂ ತಲೆಯಾಡಿಸಿದರು. ನಾದಿನಿ ತಟ್ಟೆಯಿಂದ ತಲೆಯೆತ್ತಲಿಲ್ಲ. “ಅಪ್ಪ ಆಚೆ ಕೂರ್ದೆ ಇದ್ರೆ ನಾನೂ ಆಚೆ ಬರಲ್ಲ” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಮಾವ ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಬಂದವರಿಗೆ ನಾನೇ ವಿಷಯ ಹೇಳಿದೆ. ಸ್ಟ್ರೋಕ್ ಆಗಿದೆ, ಮಾತು ಬರುವುದಿಲ್ಲ, ಆದರೆ ಎಲ್ಲ ಗೊತ್ತಾಗುತ್ತದೆ. ಹುಡುಗ ಎದ್ದು ಬಂದು ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮೈಕಟ್ಟಿನ, ಬಿಸಿಲಿಗೆ ಕಂದಿದ ಹುಡುಗ. ತಾಯಿ ಹೆಚ್ಚು ಮಾತಾಡದ ಹೆಂಗಸು. ದೊಡ್ಡಪ್ಪನದೇ ಮಾತೆಲ್ಲ. ನಾದಿನಿ ಉಪ್ಪಿಟ್ಟು, ಮೈಸೂರ್‌ಪಾಕ್ ತಂದಿಟ್ಟಳು, ಅತ್ತೆಯ ಪಕ್ಕ ಕೂತಳು. ಎಲ್ಲ ಸರಾಗವಾಗಿ ನಡೆಯುತ್ತಿತ್ತು.

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಹುಡುಗನನ್ನು ನೋಡಿದರು. “ಸಪೋಸ್?” ಎಂದರು.

ಅದು ಪ್ರಶ್ನೆಯೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ನನಗೆ ಏನು ಪ್ರಶ್ನೆಯೆಂಬುದೂ ಗೊತ್ತು ಅನ್ನಿಸಿತು. ನನ್ನನ್ನು ಕೇಳಿದ್ದನ್ನೇ ಇವರನ್ನೂ ಕೇಳುತ್ತಿದ್ದಾರೆ! ಖುಷಿಯಿಂದ, “ಮದುವೆ ಆದಮೇಲೂ ನಮ್ಮ ನಾದಿನಿ ಕೆಲಸಕ್ಕೆ ಹೋಗಬಹುದಾ ಅಂತ ಮಾವ ಕೇಳ್ತಿದ್ದಾರೆ” ಎಂದೆ.

“ಅದಕ್ಕೇನ್ ತೊಂದ್ರೆ ಇಲ್ಲ, ಹೋಗ್ಲಿ” ಎಂದ ಹುಡುಗ.

ಮಾವ ತಲೆ ಅಲ್ಲಾಡಿಸಿದರು. “ಸಪೋಸ್ಸ್.” ಅಲ್ಲ, ಅದಲ್ಲ. ನನಗೆ ಮುಖ ಬಿಸಿಯಾಯಿತು. ಅವರು ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟನ್ನು ಹಿಡಿದು ಮೇಲೆತ್ತಿ, ಬಿಟ್ಟರು. ಕೈ ತೊಡೆಯ ಮೇಲೆ ದಪ್ಪನೆ ಬಿತ್ತು. ಆಮೇಲೆ ಮಗಳ ಕಡೆ ಬೆರಳು ತೋರಿಸಿದರು. ಆಮೇಲೆ ಹುಡುಗನ ಕಡೆ ನೋಡಿ ಮತ್ತೆ, “ಸಪೋಸ್?”

ಅರ್ಥವಾದದ್ದು ನಮಗೆ ಯಾರಿಗೂ ಅಲ್ಲ, ಆ ಹುಡುಗನಿಗೆ. “ನಾಳೆ ಇವ್ರಿಗೆ ನಿಮ್ಮಂಗೇ ಏನಾದ್ರೂ ಆದ್ರೆ ನಾನು ನೋಡ್ಕೊತೀನಾ ಅಂತಾನಾ?” ಎಂದು ಕೇಳಿದ. ಮಾವ ಹೌದೆಂದು ತಲೆಯಾಡಿಸಿ ಕುರ್ಚಿಗೊರಗಿದರು. ಬೆವೆತುಹೋಗಿದ್ದರು.

“ನೋಡ್ಕೊತೀನಿ” ಎಂದ ಹುಡುಗ. ನಾದಿನಿಯ ಕಡೆ ತಿರುಗಿ, “ನಾನು ದಿನಾ ಕಂಬ ಹತ್ತೋನು. ನಂಗೇ ಏನಾದ್ರೂ ಆದ್ರೆ ಅಂತ ನೀವೂ ಯೋಚ್ನೆ ಮಾಡಿ” ಎಂದ.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಹುಡುಗನ ದೊಡ್ಡಪ್ಪ ತಟ್ಟೆಯನ್ನು ಕೆಳಗಿಟ್ಟು ಎದ್ದೇಬಿಟ್ಟರು. “ಏನ್ರೀ ಇದು? ಒಳ್ಳೇ ಕೆಲ್ಸಕ್ಕೆ ಬಂದ ಕಡೆ ಕೈ ಬಿದ್ದೋಯ್ತು, ಕಂಬದಿಂದ ಬಿದ್ದ ಅಂತ ಮಾತಾಡೋದಾ? ನಡೀರಿ ನಡೀರಿ.” ನನ್ನ ಗಂಡ ಬಾಗಿಲ ತನಕ ಹಿಂದೆ ಹೋಗಿ ಏನೇನೋ ಸಮಾಧಾನ ಹೇಳಿದರು. ಪ್ರಯೋಜನವಾಗಲಿಲ್ಲ. ಹುಡುಗ ಅತ್ತೆಗೆ ಕೈ ಮುಗಿದು ಹೋದ.

ಕಾರು ಹೋದ ಮೇಲೆ ಅತ್ತೆ ಮಾವನ ಮುಂದೆ ಬಂದು ನಿಂತರು. ಅವರು ಹಾಗೆ ದನಿ ಏರಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. “ಅಸ್ತು ಅಂತಾರೆ ಅಂತ ಜೀವಮಾನ ಎಲ್ಲಾ ಬಡ್ಕೊಂಡೆ! ಕೇಳಿದ್ರಾ? ನಿಮಗಾಗಿದ್ದು ಸಾಲ್ದು ಅಂತ ಮಗಳಿಗೂ ಅಂದ್ರಲ್ಲ! ಅದೊಂದ್ ಮಾತು ಬಾಯಿಂದ ಹೋಗಿದ್ರೆ ಮನೆ ಉದ್ಧಾರ ಆಗ್ತಿತ್ತು!”

ನಾದಿನಿ, “ಅಮ್ಮಾ, ಸುಮ್ನಿರು” ಎಂದಳು. ಮಾವ ಹೆಂಡತಿಯ ಮುಖವನ್ನೇ ನೋಡುತ್ತಾ ಕೂತಿದ್ದರು.

ಅವತ್ತಿನಿಂದ ಅವರು ಆ ಪದವನ್ನೂ ಬಿಟ್ಟರು.

ಮೊದಲ ದಿನ ದಣಿದಿದ್ದಾರೆಂದುಕೊಂಡೆವು. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ನೀರು ಬೇಕಾದರೆ ಲೋಟ ತೋರಿಸುವರು, ಇಲ್ಲವೆ ಸುಮ್ಮನಿರುವರು. ಮಗಳು ಸಂಜೆ ಬಂದು ಪಕ್ಕ ಕೂತರೆ ಅವಳ ತಲೆ ಸವರುವರು, ಅಷ್ಟೇ. ನನ್ನ ಗಂಡ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದರು. ಮತ್ತೆ ಸ್ಟ್ರೋಕ್ ಆದ ಲಕ್ಷಣವೇನೂ ಇರಲಿಲ್ಲ. ಮನಸ್ಸಿಗೆ ನೋವಾಗಿರಬಹುದು ಎಂದರು ಡಾಕ್ಟರು. ಒಂದು ಪದವನ್ನೇ ಇಟ್ಟುಕೊಂಡು ಆ ಮನುಷ್ಯ ಮನೆಯಲ್ಲಿ ಎಷ್ಟು ಜಾಗ ತುಂಬಿದ್ದರೆಂಬುದು ನಮಗೆ ಆಗ ಗೊತ್ತಾಯಿತು. ಪಾತ್ರೆ ಸದ್ದು, ಹಸುವಿನ ಸದ್ದು, ಕಾಯಿಯ ಗಡಗಡ ಎಲ್ಲ ಇತ್ತು. ಆದರೂ ಮನೆ ಬಿಕೋ ಎನ್ನುತ್ತಿತ್ತು. ಅತ್ತೆ ಅಡುಗೆಗೆ ಉಪ್ಪು ಹಾಕುವುದು ಮರೆಯತೊಡಗಿದರು. ವಾಪಸು ತೆಗೆದುಕೊಳ್ಳಲಾಗದ ಮಾತನ್ನು ತಾನು ಆಡಿದೆನೆಂದು ಅವರಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ನಾನು ಟಿಫಿನ್ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೊರಟಿದ್ದೆ. ದೇವರ ಕೋಣೆಯಲ್ಲಿ ಮಾವ ಪೂಜೆಗೆ ಕೂತಿದ್ದರು. ತುಟಿ ಮುಚ್ಚಿಕೊಂಡೇ ಲಿಂಗಕ್ಕೆ ನೀರೆರೆಯುತ್ತಿದ್ದರು. ಅತ್ತೆ ಎಂದಿನಂತೆ ಬಾಗಿಲೆಳೆಯಲು ಹೋದವರು, ಎಳೆಯಲಿಲ್ಲ. ಹೊಸ್ತಿಲಲ್ಲಿ ನಿಂತರು. ಆಮೇಲೆ ಒಳಗೆ ಹೋಗಿ ಮಾವನ ಪಕ್ಕದಲ್ಲಿ ಕೂತರು.

“ಅನ್ರೀ” ಎಂದರು.

ಮಾವ ತಿರುಗಿ ನೋಡಿದರು.

“ಅದನ್ನೇ ಅನ್ರೀ. ಶಿವನಿಗೆ ಅರ್ಥ ಆಗುತ್ತೆ. ನಾನು ಅಂದಿದ್ದು ತಪ್ಪಾಯ್ತು. ಬಾಯಿ ಮುಚ್ಕೊಂಡ್ ಕೂತ್ರೆ ನಾನ್ ಯಾರ್ ಜೊತೆ ಜಗಳ ಆಡ್ಲಿ? ಅನ್ರೀ.”

ನಾನು ಜರುಗದೆ ಅಲ್ಲೇ ನಿಂತಿದ್ದೆ. ಬಸ್ಸು ತಪ್ಪಿದರೆ ತಪ್ಪಲಿ ಎನ್ನಿಸಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮಾವನ ಗಂಟಲಿನಿಂದ, ಬಹಳ ದಿನ ಮುಚ್ಚಿದ್ದ ನಲ್ಲಿ ತಿರುಗಿಸಿದಾಗ ಬರುವಂತೆ, ಗಾಳಿಯೂ ಸದ್ದೂ ಸೇರಿ ಆ ಪದ ಬಂತು. ಅತ್ತೆ “ಹ್ಞೂಂ” ಎಂದರು. ಮತ್ತೆ ಬಂತು. “ಹ್ಞೂಂ, ಅನ್ರೀ.” ಮಂತ್ರಕ್ಕೆ ದನಿಗೂಡಿಸುವವರಂತೆ ಅತ್ತೆ ಪ್ರತಿಯೊಂದಕ್ಕೂ ಹ್ಞೂಂಗುಟ್ಟುತ್ತಾ ಕೂತರು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸದ್ದಾಗದಂತೆ ಹೊರಗೆ ಬಂದೆ.

ಆ ಮಳೆಗಾಲದಲ್ಲಿ ಒಂದು ಫೋನು ಬಂತು. ನಾನೇ ತೆಗೆದೆ. ಲೈನ್‌ಮನ್ ಹುಡುಗನ ತಾಯಿ. ಅವತ್ತು ನಮ್ಮ ಮನೆಯಲ್ಲಿ ಮಾತೇ ಆಡದಿದ್ದ ಹೆಂಗಸು, ಫೋನಿನಲ್ಲಿ ತಡೆದು ತಡೆದು ಮಾತಾಡಿದರು. “ನಮ್ಮ ಭಾವನೋರಿಗೆ ಬ್ಯಾಸರ ಆಗಿತ್ತು, ಅದಕ್ಕೆ ಇಷ್ಟು ದಿನ ಸುಮ್ನಿದ್ದೆ. ನಮ್ಮನೆಯೋರು ಕಾಯ್ಲೆ ಬಿದ್ದಾಗ ನಾನು ಚಿಕ್ಕೋಳು ಕಣಮ್ಮ. ಮದ್ವೇಲಿ ಯಾರೂ ಹಿಂಗಾದ್ರೆ ಏನ್ ಮಾಡ್ತೀಯ ಅಂತ ಕೇಳಿರ್ಲಿಲ್ಲ. ನಿಮ್ ಮಾವನೋರು ಕೇಳುದ್ರು. ನನ್ ಮಗ ಆ ಹುಡುಗೀನೇ ಅಂತವ್ನೆ. ನಿಮ್ಮೋರ್ಗೆ ಒಪ್ಗೆ ಇದ್ರೆ ಹೇಳಿ.”

ನಾದಿನಿಯನ್ನು ಕೇಳಿದೆವು. “ಅವತ್ತೇ ಒಪ್ಕೊಂಡಿದ್ದೆ, ನೀವ್ಯಾರೂ ಕೇಳ್ಲಿಲ್ಲ” ಎಂದಳು. ಮದುವೆ ತಿಪಟೂರಿನ ಒಂದು ಛತ್ರದಲ್ಲಿ ಆಯಿತು. ದೊಡ್ಡಪ್ಪ ಬಿಗಿದ ಮುಖದಲ್ಲೇ ಬಂದರು, ಊಟ ಮಾಡಿ ಹೋದರು. ಧಾರೆಯ ಹೊತ್ತಿಗೆ ನನ್ನ ಗಂಡ ಮಾವನ ಬಲಗೈಯನ್ನು ಎತ್ತಿ ಹಿಡಿದಿದ್ದರು, ಅತ್ತೆ ಎಡಗೈಗೆ ಚೊಂಬು ಕೊಟ್ಟರು. ಅಕ್ಷತೆ ಬಿದ್ದು, ವಾಲಗ ನಿಂತ ಒಂದು ಗಳಿಗೆಯಲ್ಲಿ ಮಾವ ಅಳಿಯನ ತಲೆಯ ಮೇಲೆ ಕೈಯಿಟ್ಟು ತಮ್ಮ ಪದ ಹೇಳಿದರು. ಅದು ಆಶೀರ್ವಾದ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಸ್ಟ್ರೋಕ್ ಆಯಿತು. ಈ ಸಲ ಕಣ್ಣು ಬಿಟ್ಟರೂ ಯಾವ ಪದವೂ ಬರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಅಳಿಯ ರಜೆ ಹಾಕಿ ಬಂದು, ನನ್ನ ಗಂಡನ ಜೊತೆ ಸರದಿಯ ಮೇಲೆ ಅವರನ್ನು ಹೊರಳಿಸುವುದು, ಒರೆಸುವುದು ಮಾಡಿದ. ಅತ್ತೆ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಮಾವ ಬೆಳಗಿನ ಹೊತ್ತಿನಲ್ಲಿ ಹೋದರು. ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ತೋಟದಲ್ಲಿ ಅವರ ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದೆವು. ನಾದಿನಿ ಆಗ ಬಸುರಿ. ಗುಂಡಿಯ ಹತ್ತಿರ ಬರಬಾರದೆಂದು ಹಿರಿಯರು ತಡೆದಿದ್ದರಿಂದ ಬದುವಿನ ಮೇಲೆ ಗಂಡನ ತೋಳು ಹಿಡಿದುಕೊಂಡು ನಿಂತಿದ್ದಳು.

ನೆಂಟರೆಲ್ಲ ಹೊರಟ ಮೇಲೆ ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಮೊದಲ ದಿನ ಸಂಜೆ ಮನೆಗೆ ಬಂದಾಗ ಅತ್ತೆ ಹಿಟ್ಟು ತೊಳಸಿ ಮುದ್ದೆ ಕಟ್ಟಿಟ್ಟಿದ್ದರು. ನನ್ನ ಗಂಡ ಬರುವುದು ತಡವೆಂದು ಫೋನು ಮಾಡಿದ್ದರು. ನಮ್ಮ ಮನೆಯಲ್ಲಿ ಅತ್ತೆ ಎಲ್ಲರದಾದ ಮೇಲೆ, ಒಬ್ಬರೇ ಒಲೆಯ ಪಕ್ಕ ಕೂತು ಉಣ್ಣುವವರು. ಅವತ್ತು ಎರಡು ತಟ್ಟೆ ತಂದು ಹಜಾರದಲ್ಲಿಟ್ಟು, “ಬಾ, ಕೂತ್ಕೊ” ಎಂದರು. ನಾನು ಕೈ ತೊಳೆದು ಬಂದು ಕೂತೆ. ಅತ್ತೆ ನನ್ನ ತಟ್ಟೆಗೆ ಸಾರು ಬಡಿಸಿ, ಶಾಲೆಯಲ್ಲಿ ಇವತ್ತು ಏನು ಪಾಠ ಮಾಡಿದೆ ಎಂದು ಕೇಳಿದರು.